ಆಷಾಢದ ಗಾಳಿ ಮತ್ತು ವರ್ತಕನ ರಜೆ
ರಾಮೇಶ್ವರ ದ್ವೀಪದಲ್ಲಿ ವಿಂಗ್ ಫಾಯ್ಲಿಂಗ್ ಪ್ರವಾಸ: ಕಾಲ, ವೆಚ್ಚ ಮತ್ತು ಲೆಕ್ಕಪತ್ರ

ಒಂದು ಫೆಬ್ರವರಿಯ ಮಧ್ಯಾಹ್ನ, ವರ್ಷಾಂತ್ಯದ ಲೆಕ್ಕಗಳ ಗಡಿಬಿಡಿಯ ನಡುವೆ, ಕೊಳ್ಳೇಗಾಲದ ರೇಷ್ಮೆ ರೀಲಿಂಗ್ ಘಟಕವೊಂದರ ಮಾಲೀಕರು ನನ್ನ ಕಚೇರಿಗೆ ಬಂದು ಒಂದು ರಸೀದಿಯನ್ನು ಮೇಜಿನ ಮೇಲಿಟ್ಟರು. ಅವರ ಮಗ ಬೆಂಗಳೂರಿನಲ್ಲಿ ಉದ್ಯೋಗಿ. ಹಿಂದಿನ ಡಿಸೆಂಬರ್‌ನಲ್ಲಿ ರಾಮೇಶ್ವರಕ್ಕೆ ಹೋಗಿ ಸಮುದ್ರದ ಮೇಲೆ ಯಾವುದೋ ಗಾಳಿ ಆಟ ಕಲಿಯುವುದೆಂದು ಪ್ರವಾಸ ಏರ್ಪಡಿಸುವವರೊಬ್ಬರಿಗೆ ಪೂರ್ತಿ ಹಣವನ್ನು ಮುಂಗಡವಾಗಿ ಕಟ್ಟಿದ್ದ. ಹೊರಡುವ ಹೊತ್ತಿಗೆ ಚಂಡಮಾರುತದ ಮುನ್ಸೂಚನೆ ಬಂದು ಸಮುದ್ರಕ್ಕೆ ಇಳಿಯುವಂತಿರಲಿಲ್ಲ. ಹಣ ಹಿಂದಿರುಗಲಿಲ್ಲ. "ಆಡಿಟರ್ ಸಾರ್, ದುಡ್ಡಂತೂ ಹೋಯ್ತು. ಇದನ್ನ ವ್ಯಾಪಾರ ಅಭಿವೃದ್ಧಿ ಬಾಬ್ತಿಗಾದರೂ ಹಾಕೋಕಾಗುತ್ತಾ?" ಎಂದು ಕೇಳಿದರು.

ಆಗುವುದಿಲ್ಲ ಎಂದೆ. ಆದರೆ ಆ ರಸೀದಿಯನ್ನು ಓದಿದಾಗ ನನಗೆ ಕಂಡ ತಪ್ಪು ಆಟದ್ದಲ್ಲ, ಯೋಜನೆಯದು. ಹುಡುಗ ಆರಿಸಿದ್ದ ತಿಂಗಳು ತಪ್ಪು, ಹಣ ಕಟ್ಟಿದ ಕ್ರಮ ತಪ್ಪು, ದಿನಗಳ ಲೆಕ್ಕವೂ ತಪ್ಪು. ಕಚ್ಚಾ ಮಾಲು ಕೊಳ್ಳುವಾಗ ಅವನ ತಂದೆ ಇವುಗಳಲ್ಲಿ ಒಂದನ್ನೂ ಮಾಡುತ್ತಿರಲಿಲ್ಲ. ಗೂಡಿನ ಧಾರಣೆ ನೋಡದೆ, ಗುಣಮಟ್ಟ ಪರೀಕ್ಷಿಸದೆ, ಪೂರ್ತಿ ಹಣ ಮೊದಲೇ ಕೊಟ್ಟು ಗೂಡು ಕೊಂಡ ರೀಲರ್ ನಮ್ಮ ಊರಿನಲ್ಲಿ ಇರಲಾರ. ಹಾಗಾದರೆ ರಜೆಯನ್ನು ಮಾತ್ರ ಏಕೆ ಹಾಗೆ ಕೊಳ್ಳಬೇಕು?

ಅಲ್ಲಿಂದ ಆರಂಭವಾದ ಚರ್ಚೆ, ಮುಂದಿನ ಆಷಾಢದಲ್ಲಿ ತಂದೆ-ಮಗ ಇಬ್ಬರೂ ಹೊರಡುವವರೆಗೆ ನಡೆಯಿತು. ಅದರ ಸಾರವನ್ನು ಕೊಳ್ಳೇಗಾಲ, ಹನೂರು ಮತ್ತು ಯಳಂದೂರಿನ ವಾಣಿಜ್ಯ ಬಂಧುಗಳ ಮುಂದೆ ಇಡುವುದು ಈ ಲೇಖನದ ಉದ್ದೇಶ. ನಮ್ಮ ಮನೆಗಳ ಮಕ್ಕಳು ಇಂದಲ್ಲ ನಾಳೆ ಇಂಥ ಪ್ರಸ್ತಾಪವನ್ನು ತಂದೇ ತರುತ್ತಾರೆ. ಆಗ ಬೇಡ ಎನ್ನುವುದಕ್ಕೂ ಹೂಂ ಎನ್ನುವುದಕ್ಕೂ ಮುನ್ನ ವಿಷಯ ತಿಳಿದಿರುವುದು ಲೇಸು.

ಏನಿದು ವಿಂಗ್ ಫಾಯ್ಲಿಂಗ್?

ಗಾಳಿ ತುಂಬಿದ, 3ರಿಂದ 6 ಚದರ ಮೀಟರ್ ವಿಸ್ತಾರದ ರೆಕ್ಕೆಯೊಂದನ್ನು ಎರಡೂ ಕೈಗಳಲ್ಲಿ ಹಿಡಿದು, ನೀರಿನ ಮೇಲಿನ ಹಲಗೆಯ ಮೇಲೆ ನಿಂತು ಸಾಗುವ ಕ್ರೀಡೆ ಇದು. ಹಲಗೆಯ ಅಡಿಯಲ್ಲಿ ಸುಮಾರು ಮುಕ್ಕಾಲು ಮೀಟರ್ ಉದ್ದದ ಕಂಬವಿದ್ದು, ಅದರ ತುದಿಯಲ್ಲಿ ವಿಮಾನದ ರೆಕ್ಕೆಯನ್ನು ಹೋಲುವ ಲೋಹದ ಅಥವಾ ಕಾರ್ಬನ್ ನಾರಿನ ಫಾಯ್ಲ್ ಇರುತ್ತದೆ. ವೇಗ ಹೆಚ್ಚಿದಂತೆ ಈ ಫಾಯ್ಲ್ ಹಲಗೆಯನ್ನು ನೀರಿನಿಂದ ಮೇಲಕ್ಕೆತ್ತುತ್ತದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದುದರಿಂದ ಇಷ್ಟು ಚಿಕ್ಕ ಫಾಯ್ಲ್ ಒಬ್ಬ ಮನುಷ್ಯನ ಭಾರವನ್ನು ಹೊರಬಲ್ಲುದು. ವೇಗ ಇಮ್ಮಡಿಯಾದರೆ ಎತ್ತುವ ಶಕ್ತಿ ನಾಲ್ಮಡಿಯಾಗುತ್ತದೆ. ಹಲಗೆ ನೀರನ್ನು ಬಿಟ್ಟೆದ್ದ ಮೇಲೆ ಅಲೆಗಳ ತಡೆ ಉಳಿಯುವುದಿಲ್ಲ.

ತತ್ತ್ವ ಹೊಸದಲ್ಲ. ದೂರವಾಣಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ತಂಡ ನಿರ್ಮಿಸಿದ ಫಾಯ್ಲ್ ದೋಣಿಯೊಂದು 1919ರಲ್ಲಿಯೇ ಗಂಟೆಗೆ 110 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಓಡಿತ್ತು. ಆದರೆ ಕೈಯಲ್ಲಿ ಹಿಡಿಯುವ, ಗಾಳಿ ತುಂಬುವ ರೆಕ್ಕೆ ಮಾರುಕಟ್ಟೆಗೆ ಬಂದದ್ದು 2019ರ ಆಸುಪಾಸಿನಲ್ಲಿ. ಇದರ ಸಮೀಪದ ಬಂಧುಗಳಾದ ಫಾಯ್ಲ್ ಮೇಲಿನ ಕೈಟ್ ಮತ್ತು ವಿಂಡ್‌ಸರ್ಫಿಂಗ್ ಸ್ಪರ್ಧೆಗಳು 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಡೆದವು. ಕೈಟ್‌ನಲ್ಲಿ ಇಪ್ಪತ್ತು ಮೀಟರಿಗೂ ಹೆಚ್ಚು ಉದ್ದದ ದಾರಗಳಿರುತ್ತವೆ. ವಿಂಗ್‌ನಲ್ಲಿ ದಾರಗಳಿಲ್ಲ, ಕೈಬಿಟ್ಟರೆ ಎಳೆತ ನಿಲ್ಲುತ್ತದೆ. ಕಲಿಯುವವರಿಗೆ ಇದು ದೊಡ್ಡ ಅನುಕೂಲ. ರೆಕ್ಕೆಯ ಬಟ್ಟೆ ಪಾಲಿಯೆಸ್ಟರ್ ಎಂದಾಗ ನಮ್ಮ ರೀಲರ್ ಮಹಾಶಯರು ಸ್ವಲ್ಪ ನಿರಾಶರಾದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪ್ಯಾರಾಚೂಟಿಗಾಗಿ ಬಂದ ಬೇಡಿಕೆ ನಮ್ಮ ಸೀಮೆಯ ರೇಷ್ಮೆಗೆ ಉಸಿರು ತುಂಬಿದ್ದನ್ನು ಅವರು ತಮ್ಮ ತಂದೆಯವರಿಂದ ಕೇಳಿ ಬಲ್ಲವರು.

ದ್ವೀಪ ಯಾವುದು?

ದ್ವೀಪವೆಂಬುದು ನಮಗೆ ಅಪರಿಚಿತವಲ್ಲ. ಕಾವೇರಿ ಎರಡಾಗಿ ಸೀಳಿ ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕುವ ನಡುವಣ ನೆಲವಾದ ಶಿವನಸಮುದ್ರವೇ ಒಂದು ದ್ವೀಪ. ಅಲ್ಲಿನ ನೀರಿನ ಬಲದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. ಆದರೆ ಹೆಸರಿನಲ್ಲಿ ಸಮುದ್ರವಿದ್ದರೂ ಆ ಸುಳಿಗಳ ನಡುವೆ ಇಂಥ ಆಟಕ್ಕೆ ಸ್ಥಳವಿಲ್ಲ. ಅಲ್ಲಿ ಪ್ರಾಣ ಕಳೆದುಕೊಂಡವರ ಸುದ್ದಿ ನಮಗೆ ಹೊಸದೂ ಅಲ್ಲ.

ನಮಗೆ ರಸ್ತೆಯಲ್ಲಿಯೇ ಎಟುಕುವ, ಗಾಳಿ ಆಟಗಳಿಗೆ ಹೆಸರಾದ ಉಷ್ಣವಲಯದ ದ್ವೀಪವೆಂದರೆ ರಾಮೇಶ್ವರವಿರುವ ಪಾಂಬನ್ ದ್ವೀಪ. ರಾಮೇಶ್ವರ ಮತ್ತು ತೂತ್ತುಕುಡಿ ಕರಾವಳಿಯಲ್ಲಿ ಕೈಟ್ ಸರ್ಫಿಂಗ್ ಕಲಿಸುವ ಶಾಲೆಗಳಿವೆ. ಎಲ್ಲ ಶಾಲೆಗಳಲ್ಲಿಯೂ ವಿಂಗ್ ಫಾಯ್ಲಿಂಗ್ ಸಲಕರಣೆ ಇರಲೇಬೇಕೆಂದಿಲ್ಲ. ತಮಗೆ ಬೇಕಾದ ದಿನಗಳಲ್ಲಿ ಸಲಕರಣೆಯೂ ಶಿಕ್ಷಕರೂ ಇರುವರೇ ಎಂಬುದನ್ನು ಮುಂಗಡಕ್ಕೆ ಮೊದಲು ಬರವಣಿಗೆಯಲ್ಲಿ ಕೇಳಿ ಪಡೆಯಬೇಕು.

ದಾರಿಯೂ ನಮ್ಮದೇ. ಈಗ 948 ಎಂಬ ಸಂಖ್ಯೆಯ, ಹಿಂದೆ 209 ಎನಿಸಿಕೊಂಡಿದ್ದ ರಾಷ್ಟ್ರೀಯ ಹೆದ್ದಾರಿ ನಮ್ಮ ಕೊಳ್ಳೇಗಾಲದ ಮೂಲಕವೇ ಹಾದು, ಯಳಂದೂರು, ಚಾಮರಾಜನಗರ, ದಿಂಬಂ ಘಟ್ಟ, ಸತ್ಯಮಂಗಲವನ್ನು ದಾಟಿ ಕೊಯಮತ್ತೂರಿನ ಕಡೆ ಸಾಗುತ್ತದೆ. ಹಳೆಯ 209 ದಿಂಡಿಗಲ್‌ವರೆಗೂ ಹೋಗುತ್ತಿತ್ತು. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೇ ಸೇರಿದ್ದುದರಿಂದ ನಮ್ಮ ಹಿರಿಯರಿಗೆ ಇದು ಕೋರ್ಟು ಕಚೇರಿಯ ದಾರಿಯಾಗಿತ್ತು. ದಿಂಡಿಗಲ್‌ನಿಂದ ಮಧುರೆ, ಅಲ್ಲಿಂದ ಸುಮಾರು 170 ಕಿಲೋಮೀಟರಿಗೆ ರಾಮೇಶ್ವರ. ಒಟ್ಟು ಐನೂರು ಕಿಲೋಮೀಟರಿನ ಆಸುಪಾಸು. ದಿಂಬಂ ಘಟ್ಟದಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿರುವುದರಿಂದ ಹೊರಡುವ, ಮರಳುವ ಸಮಯವನ್ನು ಹಗಲಿಗೇ ಹೊಂದಿಸಿಕೊಳ್ಳಬೇಕು. ಹನೂರಿನವರಿಗೆ ಮಲೆಮಹದೇಶ್ವರ ಬೆಟ್ಟ, ಪಾಲಾರ್, ಮೆಟ್ಟೂರು, ಸೇಲಂ ದಾರಿಯೂ ಇದೆ. ರೈಲನ್ನು ಬಯಸುವವರು ಮೈಸೂರಿನಿಂದ ತೂತ್ತುಕುಡಿ ಎಕ್ಸ್‌ಪ್ರೆಸ್ ಹಿಡಿದು ಮಧುರೆಯಲ್ಲಿ ಇಳಿಯಬಹುದು. ದ್ವೀಪವನ್ನು ಮುಟ್ಟಲು 1988ರಲ್ಲಿ ತೆರೆದ ರಸ್ತೆ ಸೇತುವೆ ಮತ್ತು 2025ರ ಏಪ್ರಿಲ್ 6ರಂದು ಉದ್ಘಾಟನೆಗೊಂಡ ಹೊಸ ರೈಲ್ವೆ ಸೇತುವೆ ಇವೆ.

ಇನ್ನೊಂದು ಅನುಕೂಲವನ್ನು ಮರೆಯಬಾರದು. ಮನೆಯ ಹಿರಿಯರಿಗೆ ರಾಮೇಶ್ವರ ಎಂದರೆ ಯಾತ್ರೆ. ಇಪ್ಪತ್ತೆರಡು ತೀರ್ಥಗಳ ಸ್ನಾನ, ಸ್ವಾಮಿ ದರ್ಶನ, ಪಿತೃಕಾರ್ಯ ಎಲ್ಲವೂ ಅಲ್ಲಿವೆ. ಮಗನ ಆಟಕ್ಕೆ ಒಪ್ಪದ ತಾಯಂದಿರು ರಾಮೇಶ್ವರದ ಹೆಸರು ಕೇಳಿದೊಡನೆ ಪೆಟ್ಟಿಗೆ ಕಟ್ಟುವುದನ್ನು ನಾನೇ ಕಂಡಿದ್ದೇನೆ.

ಕಾಲ ಯಾವುದು?

ಇಲ್ಲಿಯೇ ನಮ್ಮ ಪಂಚಾಂಗಕ್ಕೂ ಈ ಆಟಕ್ಕೂ ಆಶ್ಚರ್ಯಕರವಾದ ಹೊಂದಾಣಿಕೆ ಇದೆ. ಪಾಂಬನ್ ದ್ವೀಪದಲ್ಲಿ ವರ್ಷಕ್ಕೆ ಎರಡು ಗಾಳಿಗಾಲಗಳು. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ನೈರುತ್ಯ ಮುಂಗಾರಿನ ಬಲವಾದ ಗಾಳಿ. ಜನವರಿಯಿಂದ ಮಾರ್ಚ್‌ವರೆಗೆ ಈಶಾನ್ಯದ ಗಾಳಿ. ಇವೆರಡರ ನಡುವಿನ ಅಕ್ಟೋಬರ್‌ನಿಂದ ಡಿಸೆಂಬರ್ ಅಲ್ಲಿನ ಮಳೆಗಾಲ ಮತ್ತು ಚಂಡಮಾರುತದ ಕಾಲ. 1964ರ ಡಿಸೆಂಬರ್ 22-23ರ ರಾತ್ರಿ ಧನುಷ್ಕೋಡಿ ಪಟ್ಟಣವನ್ನೂ ಪ್ರಯಾಣಿಕರಿದ್ದ ರೈಲನ್ನೂ ಸಮುದ್ರ ನುಂಗಿದ್ದು ಈ ಕಾಲದಲ್ಲಿಯೇ. ನಮ್ಮ ಹುಡುಗ ಕ್ರಿಸ್‌ಮಸ್ ರಜೆಯನ್ನು ನೋಡಿದನೇ ಹೊರತು ಗಾಳಿಯನ್ನು ನೋಡಲಿಲ್ಲ.

ಮುಂಗಾರಿನ ಗಾಳಿ ಏರುವ ಜೂನ್ ಕೊನೆಯಿಂದ ಆಗಸ್ಟ್ ಮೊದಲ ಭಾಗ ನಮ್ಮಲ್ಲಿ ಸಾಮಾನ್ಯವಾಗಿ ಆಷಾಢ. ಮದುವೆಗಳಿಲ್ಲ, ಗೃಹಪ್ರವೇಶಗಳಿಲ್ಲ, ಸೀರೆ, ಚಿನ್ನ, ಪಾತ್ರೆ, ಛತ್ರ ಎಲ್ಲ ವ್ಯಾಪಾರಗಳೂ ಮಂದ. ಆಷಾಢದ ಗಾಳಿಯನ್ನು ನಾವು ದೂಷಿಸುವುದು ಬಾಗಿಲು ಬಡಿಯುತ್ತದೆ, ಧೂಳು ತರುತ್ತದೆ ಎಂದು. ಆ ಗಾಳಿಯೇ ದ್ವೀಪದಲ್ಲಿ ಸರಕು. ವರ್ತಕನಿಗೆ ಬಿಡುವಿರುವ ತಿಂಗಳೇ ಗಾಳಿಗೆ ಸುಗ್ಗಿಯ ತಿಂಗಳು. ಶ್ರಾವಣದ ವರಮಹಾಲಕ್ಷ್ಮಿ ಹಬ್ಬದ ವ್ಯಾಪಾರ ಏಳುವ ಮುನ್ನ ಮರಳಿ ಗಲ್ಲಾ ಮುಂದೆ ಕೂರಬಹುದು.

ತೆರಿಗೆಯ ಪಂಚಾಂಗವನ್ನೂ ಇದರ ಪಕ್ಕದಲ್ಲಿಟ್ಟು ನೋಡೋಣ. ಪ್ರತಿ ತಿಂಗಳ 7ಕ್ಕೆ ಟಿ.ಡಿ.ಎಸ್., 11ಕ್ಕೆ ಮಾರಾಟದ ಜಿ.ಎಸ್.ಟಿ. ವಿವರಣೆ, 15ಕ್ಕೆ ಭವಿಷ್ಯನಿಧಿ ಮತ್ತು ಇ.ಎಸ್.ಐ., 20ಕ್ಕೆ ಜಿ.ಎಸ್.ಟಿ. ತೆರಿಗೆ ಪಾವತಿ. ತ್ರೈಮಾಸಿಕ ಪದ್ಧತಿಯಲ್ಲಿರುವ ಕರ್ನಾಟಕದ ಸಣ್ಣ ವರ್ತಕರಿಗೆ ಜುಲೈ 22. ಆದ್ದರಿಂದ ಜುಲೈ 23ರಿಂದ ಆಗಸ್ಟ್ 6ರವರೆಗಿನ ಹದಿನೈದು ದಿನ ಹೆಚ್ಚು ನಿರಾಳ. ಜುಲೈ ಕೊನೆಯೊಳಗೆ ಸಲ್ಲಿಸಬೇಕಾದ ಟಿ.ಡಿ.ಎಸ್. ತ್ರೈಮಾಸಿಕ ವಿವರಣೆ ಮೊದಲಾದವನ್ನು ಹೊರಡುವ ಮುನ್ನವೇ ಮುಗಿಸಿದರಾಯಿತು. ಒಂದು ಎಚ್ಚರಿಕೆ: ತಮಿಳರ ಆಡಿ ಅಮಾವಾಸ್ಯೆಗೆ ರಾಮೇಶ್ವರದಲ್ಲಿ ಅಪಾರ ಜನಸಂದಣಿ. ಆ ದಿನದ ಹಿಂದುಮುಂದು ವಸತಿ ದೊರೆಯುವುದು ಕಷ್ಟ.

ಗಾಳಿಗೆ ಬೆಲೆ ಕಟ್ಟುವ ಬಗೆ

ಈ ಪ್ರವಾಸದ ವೈಶಿಷ್ಟ್ಯವೆಂದರೆ ಅದರ ಮುಖ್ಯ ಸರಕಾದ ಗಾಳಿಯನ್ನು ಯಾರೂ ಮಾರುವುದಿಲ್ಲ, ಯಾರೂ ಖಾತರಿ ಕೊಡುವುದಿಲ್ಲ. ಸುಗ್ಗಿಯ ಕಾಲದಲ್ಲಿಯೂ ಎರಡು ದಿನ ಗಾಳಿ ಸತ್ತಿರಬಹುದು. ಕಲಿಯುವವರಿಗೆ ಸುಮಾರು 12ರಿಂದ 20 ನಾಟ್, ಅಂದರೆ ಗಂಟೆಗೆ 22ರಿಂದ 37 ಕಿಲೋಮೀಟರ್ ಗಾಳಿ ಹಿತಕರ. ಅದಕ್ಕಿಂತ ಕಡಿಮೆಯಾದರೆ ಹಲಗೆ ಏಳುವುದಿಲ್ಲ. ಬಹಳ ಹೆಚ್ಚಾದರೆ ಹೊಸಬರು ನೀರಿಗಿಳಿಯಬಾರದು. ಅಲ್ಲಿನ ಗಾಳಿಯ ಬಲಕ್ಕೆ ಒಂದು ಅಳತೆ ಹೇಳುವುದಾದರೆ, 1914ರ ಹಳೆಯ ಪಾಂಬನ್ ಸೇತುವೆಯ ಮೇಲೆ ಗಾಳಿ ಗಂಟೆಗೆ 58 ಕಿಲೋಮೀಟರ್ ಮೀರಿದರೆ ರೈಲನ್ನೇ ತಡೆಯುವ ವ್ಯವಸ್ಥೆಯಿತ್ತು.

ಆದ್ದರಿಂದ ವೆಚ್ಚವನ್ನು ಪ್ರವಾಸದ ದಿನಕ್ಕೆ ಹಂಚದೆ ಗಾಳಿ ಬೀಸಿದ ದಿನಕ್ಕೆ ಹಂಚಬೇಕು. ಲೆಕ್ಕದ ಅನುಕೂಲಕ್ಕಾಗಿ ಒಂದು ಉದಾಹರಣೆ. ಐದು ದಿನದ ಪ್ರವಾಸಕ್ಕೆ ಒಟ್ಟು 70,000 ರೂಪಾಯಿ ತಗುಲಿ, ಎರಡೇ ದಿನ ಗಾಳಿ ಬಂದರೆ, ಗಾಳಿಯ ಒಂದು ದಿನದ ವೆಚ್ಚ 35,000. ಅದೇ ಒಂಬತ್ತು ದಿನದ ಪ್ರವಾಸಕ್ಕೆ 90,000 ತಗುಲಿ, ಆರು ದಿನ ಗಾಳಿ ಬಂದರೆ, ದಿನಕ್ಕೆ 15,000. ಪ್ರಯಾಣದ ವೆಚ್ಚ ಎರಡರಲ್ಲಿಯೂ ಒಂದೇ ಆದುದರಿಂದ ತಂಗುವ ದಿನಗಳು ಹೆಚ್ಚಿದಷ್ಟೂ ಗಾಳಿಯ ದಿನ ಅಗ್ಗವಾಗುತ್ತದೆ. ವಾರದ ಕೊನೆಗೆ ಓಡಿಹೋಗಿ ಓಡಿಬರುವ ಪ್ರವಾಸ ನೋಡಲು ಅಗ್ಗ, ಲೆಕ್ಕದಲ್ಲಿ ದುಬಾರಿ.

ಮುಂಗಡದ ವಿಷಯದಲ್ಲಿ ಮೂರು ನಿಯಮಗಳನ್ನು ನಾವು ಹಾಕಿಕೊಂಡೆವು.

1. ವಸತಿ ಮತ್ತು ತರಬೇತಿಯ ಹಣವನ್ನು ಬೇರೆಬೇರೆಯಾಗಿ, ಆಯಾ ಸಂಸ್ಥೆಗೇ ಕಟ್ಟುವುದು. ಎರಡನ್ನೂ ಒಟ್ಟಿಗೆ ಮಧ್ಯವರ್ತಿಗೆ ಕೊಟ್ಟರೆ ಯಾವುದು ರದ್ದಾಯಿತು, ಯಾವುದು ಉಳಿಯಿತು ಎಂಬುದೇ ತಿಳಿಯದು.

2. ತರಬೇತಿಯ ಮುಂಗಡ ನಾಲ್ಕನೆಯ ಒಂದು ಪಾಲನ್ನು ಮೀರದಿರುವುದು; ಉಳಿದುದನ್ನು ನೀರಿಗಿಳಿದ ಗಂಟೆಗಳ ಲೆಕ್ಕದಲ್ಲಿ ಕೊಡುವುದು.

3. ಗಾಳಿಯಿಲ್ಲದೆ ಅಥವಾ ಅಧಿಕೃತ ಎಚ್ಚರಿಕೆಯಿಂದ ಪಾಠ ನಡೆಯದಿದ್ದರೆ ಹಣ ಮರಳುವುದೇ, ಬೇರೆ ದಿನಕ್ಕೆ ಹೋಗುವುದೇ ಎಂಬುದನ್ನು ಬರವಣಿಗೆಯಲ್ಲಿ ಪಡೆಯುವುದು.

ಸಲಕರಣೆಯನ್ನು ಮೊದಲ ವರ್ಷವೇ ಕೊಳ್ಳಬಾರದು. ರೆಕ್ಕೆ, ಹಲಗೆ, ಫಾಯ್ಲ್ ಸೇರಿದರೆ ಲಕ್ಷಗಳ ಬಾಬತ್ತು. ಕಲಿಯುವಾಗ ಬೇಕಾದ ದೊಡ್ಡ ಹಲಗೆ ಕಲಿತ ಮೇಲೆ ಬೇಡವಾಗುತ್ತದೆ. ಹೊಸ ಯಂತ್ರವನ್ನು ಬಾಡಿಗೆಗೆ ಓಡಿಸಿ ನೋಡಿ ಆಮೇಲೆ ಕೊಳ್ಳುವ ನಮ್ಮ ರೂಢಿ ಇಲ್ಲಿಯೂ ಸರಿ. ಒಂದೇ ವಾರದಲ್ಲಿ ಹಲಗೆ ಮೇಲೆದ್ದೇ ಏಳುತ್ತದೆ ಎಂಬ ಭರವಸೆಯನ್ನೂ ಇಟ್ಟುಕೊಳ್ಳಬಾರದು.

ಪ್ರಾಣದ ಲೆಕ್ಕ

ದ್ವೀಪದ ಉತ್ತರಕ್ಕೆ ಆಳವಿಲ್ಲದ ಪಾಕ್ ಕೊಲ್ಲಿ, ದಕ್ಷಿಣಕ್ಕೆ ಮನ್ನಾರ್ ಕೊಲ್ಲಿ. ನೈರುತ್ಯದ ಗಾಳಿ ಬೀಸುವಾಗ ದಕ್ಷಿಣದ ದಂಡೆಯಲ್ಲಿ ಅಲೆಗಳ ಅಬ್ಬರ. ಉತ್ತರದ ದಂಡೆಗೆ ದ್ವೀಪವೇ ಮರೆಯಾಗಿ ನೀರು ಶಾಂತ. ಆದರೆ ಆ ಶಾಂತ ನೀರಿನಲ್ಲಿಯೇ ಹೆಚ್ಚಿನ ಅಪಾಯವಿದೆ. ಅಲ್ಲಿ ಗಾಳಿ ನೆಲದಿಂದ ಸಮುದ್ರದ ಕಡೆಗೆ ಬೀಸುವುದರಿಂದ ದಣಿದವರನ್ನು ದಡಕ್ಕೆ ತಾರದೆ ಒಳಕ್ಕೆ ಒಯ್ಯುತ್ತದೆ. ಧನುಷ್ಕೋಡಿಯಿಂದ ಶ್ರೀಲಂಕಾದ ತಲೈಮನ್ನಾರ್ ಮೂವತ್ತು ಕಿಲೋಮೀಟರಿನಷ್ಟೇ ದೂರ. ನಡುವೆ ಅಂತರರಾಷ್ಟ್ರೀಯ ಗಡಿ. ಆದುದರಿಂದ ಎಂಜಿನ್ ಇರುವ ರಕ್ಷಣಾ ದೋಣಿಯನ್ನು ಇಟ್ಟುಕೊಳ್ಳದ ಶಾಲೆಗೆ ಎಷ್ಟೇ ಅಗ್ಗವಾದರೂ ಸೇರಬಾರದು.

ಶಿಕ್ಷಕರಿಗೆ ಅಂತರರಾಷ್ಟ್ರೀಯ ಮಾನ್ಯತೆಯ ಪ್ರಮಾಣಪತ್ರ ಇದೆಯೇ ಎಂದು ಕೇಳುವುದು ಅವಮಾನವಲ್ಲ. ನಮ್ಮ ಅಂಗಡಿಯಲ್ಲಿ ಗ್ರಾಹಕರು ಸಿಲ್ಕ್ ಮಾರ್ಕ್ ಕೇಳುವುದಿಲ್ಲವೇ? ಶಿರಸ್ತ್ರಾಣ, ತೇಲುವ ಜಾಕೆಟ್, ಹಲಗೆಗೂ ಕೈಗೂ ಕಟ್ಟುವ ಹಗ್ಗ ಕಡ್ಡಾಯ. ಫಾಯ್ಲ್‌ನ ಅಂಚು ಹರಿತ. ಬೀಳುವಾಗ ಅದರಿಂದ ದೂರ ಬೀಳುವುದನ್ನೇ ಮೊದಲು ಕಲಿಸುತ್ತಾರೆ. ನೀರು ಎದೆಮಟ್ಟಕ್ಕಿಂತ ಕಡಿಮೆಯಿದ್ದರೆ ಕಂಬ ನೆಲಕ್ಕೆ ತಗುಲುತ್ತದೆ. ಸಮುದ್ರದ ಹುಲ್ಲೂ ತೊಡರುತ್ತದೆ. ಮನ್ನಾರ್ ಕೊಲ್ಲಿಯ 21 ಕಿರುದ್ವೀಪಗಳು 1986ರಿಂದ ರಾಷ್ಟ್ರೀಯ ಉದ್ಯಾನ. ಅನುಮತಿಯಿಲ್ಲದೆ ಅಲ್ಲಿಗೆ ಹೋಗುವುದು ಅಪರಾಧ.

ಎಲ್ಲಕ್ಕಿಂತ ಮೊದಲು ಈಜು. ನದಿ ದಂಡೆಯ ಊರುಗಳವರಾದ ನಮ್ಮಲ್ಲಿ ಈಜು ಬಾರದ ವರ್ತಕರೇ ಹೆಚ್ಚು. ಹೊರಡುವ ನಾಲ್ಕು ತಿಂಗಳ ಮೊದಲೇ ಮೈಸೂರಿನ ಈಜುಕೊಳವೊಂದರಲ್ಲಿ ಕಲಿಕೆ ಆರಂಭಿಸುವುದು ಯೋಜನೆಯ ಮೊದಲ ಕಂತು. ನಲವತ್ತು ದಾಟಿದವರು ವೈದ್ಯರ ಒಪ್ಪಿಗೆ ಪಡೆಯಬೇಕು. ವಿಮೆಯ ಪತ್ರವನ್ನೂ ಓದಬೇಕು. ಅನೇಕ ಪಾಲಿಸಿಗಳು ಸಾಹಸ ಕ್ರೀಡೆಯಲ್ಲಿನ ಗಾಯವನ್ನು ಹೊರಗಿಡುತ್ತವೆ. ಹೆಚ್ಚುವರಿ ಪ್ರೀಮಿಯಂ ಕೊಟ್ಟು ಅದನ್ನು ಸೇರಿಸಿಕೊಳ್ಳಲು ಸಾಧ್ಯವೇ ಎಂದು ಮೊದಲೇ ವಿಚಾರಿಸುವುದು ಒಳಿತು.

ಯಾವ ಖಾತೆಗೆ?

ಮೊದಲಿನ ಪ್ರಶ್ನೆಗೆ ಮರಳೋಣ. ವ್ಯಾಪಾರಕ್ಕಾಗಿಯೇ ಪೂರ್ಣವಾಗಿ ಮಾಡಿದ ವೆಚ್ಚ ಮಾತ್ರ ವ್ಯಾಪಾರದ ವೆಚ್ಚ ಎಂಬುದು ಆದಾಯ ತೆರಿಗೆಯ ಹಳೆಯ ತತ್ತ್ವ. ಕುಟುಂಬದ ಪ್ರವಾಸ ಮಾಲೀಕರ ಡ್ರಾಯಿಂಗ್ಸ್ ಖಾತೆಗೇ ಹೋಗಬೇಕು. ದಾರಿಯಲ್ಲಿ ಒಬ್ಬ ಗ್ರಾಹಕರನ್ನು ಕಂಡು ಚಹಾ ಕುಡಿದ ಮಾತ್ರಕ್ಕೆ ಅದು ವ್ಯಾಪಾರ ಪ್ರವಾಸವಾಗದು. ಉಳಿಯುವ ತೆರಿಗೆ ಸಣ್ಣದು. ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಉಳಿದ ಪ್ರಾಮಾಣಿಕ ವೆಚ್ಚಗಳ ಮೇಲೂ ಅನುಮಾನ ಬೀಳುತ್ತದೆ.

ಹೋಟೆಲ್ ಬಿಲ್ಲಿನ ಜಿ.ಎಸ್.ಟಿ.ಯನ್ನು ಹೂಡುವಳಿ ತೆರಿಗೆಯಾಗಿ ಹಿಂಪಡೆಯುವ ಆಸೆಯನ್ನೂ ಬಿಡಬೇಕು. ಸ್ವಂತ ಬಳಕೆಗೆ ಅದು ಲಭ್ಯವಿಲ್ಲ. ನಿಜವಾದ ವ್ಯಾಪಾರ ಪ್ರವಾಸವಾದರೂ ತಮಿಳುನಾಡಿನ ಹೋಟೆಲ್ ವಿಧಿಸುವುದು ಆ ರಾಜ್ಯದ ತೆರಿಗೆ. ಕರ್ನಾಟಕದಲ್ಲಿ ಮಾತ್ರ ನೋಂದಣಿಯಿರುವವರಿಗೆ ಅದು ದಕ್ಕುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳ ಮೇಲಿನ ದರ ಶೇಕಡಾ 12ರಿಂದ 5ಕ್ಕೆ ಇಳಿದದ್ದು ಸಾಮಾನ್ಯ ಪ್ರವಾಸಿಗೆ ಆಗಿರುವ ನೇರ ಲಾಭ.

ವಿದೇಶದ ದ್ವೀಪವನ್ನೇ ಬಯಸುವವರಿಗೆ ಮಾರಿಷಸ್ ಇದೆ. ವರ್ಷದ ನಡುವಿನ ತಿಂಗಳುಗಳಲ್ಲಿ ಅಲ್ಲಿ ಆಗ್ನೇಯದ ಗಾಳಿ ಸ್ಥಿರವಾಗಿ ಬೀಸುವುದರಿಂದ ಆಷಾಢದ ಲೆಕ್ಕ ಅಲ್ಲಿಗೂ ಸಲ್ಲುತ್ತದೆ. ಆದರೆ ವಿದೇಶ ಪ್ರವಾಸ ಪ್ಯಾಕೇಜಿನ ಮೇಲೆ 2020ರ ಅಕ್ಟೋಬರ್‌ನಿಂದ ಮಾರಾಟಗಾರರು ಮೂಲದಲ್ಲಿಯೇ ತೆರಿಗೆ ವಸೂಲು ಮಾಡಬೇಕು. ಆರಂಭದಲ್ಲಿ ಶೇಕಡಾ 5 ಇದ್ದುದು, 2023ರ ಅಕ್ಟೋಬರ್‌ನಿಂದ 7 ಲಕ್ಷದ ಮೇಲಿನ ಮೊತ್ತಕ್ಕೆ ಶೇಕಡಾ 20 ಆಯಿತು. 2025ರ ಏಪ್ರಿಲ್‌ನಲ್ಲಿ ಆ ಮಿತಿ 10 ಲಕ್ಷಕ್ಕೆ ಏರಿತು. ಹೀಗೆ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುವ ದರವಾದುದರಿಂದ ಹಣ ಕಟ್ಟುವ ದಿನದಂದೇ ಕೇಳಿ ತಿಳಿಯಬೇಕು. ಇದು ನಷ್ಟವಲ್ಲ, ಪ್ಯಾನ್ ಸರಿಯಾಗಿ ಕೊಟ್ಟಿದ್ದರೆ ಮುಂಗಡ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ಆದರೂ ಅಲ್ಲಿಯವರೆಗೆ ಅದು ಸಿಕ್ಕಿಬಿದ್ದ ದುಡಿಯುವ ಬಂಡವಾಳ. ವಿದೇಶ ಪ್ರಯಾಣಕ್ಕೆ ವರ್ಷದಲ್ಲಿ 2 ಲಕ್ಷ ರೂಪಾಯಿ ಮೀರಿ ಖರ್ಚು ಮಾಡಿದವರು ಆದಾಯ ಕಡಿಮೆಯಿದ್ದರೂ ರಿಟರ್ನ್ ಸಲ್ಲಿಸಲೇಬೇಕು ಎಂಬುದನ್ನೂ ನೆನಪಿಡಬೇಕು.

ನೀರಿನ ಮೇಲೆ ಫೋನಿಲ್ಲ

ಇಷ್ಟೆಲ್ಲ ಲೆಕ್ಕ ಮುಗಿದ ಮೇಲೆ ನಮ್ಮ ರೀಲರ್ ಮಹಾಶಯರು ನಿಜವಾದ ಅಡ್ಡಿಯನ್ನು ಹೇಳಿದರು: "ನಾನೂ ಬಾ ಅಂತಾನೆ ಸಾರ್ ಮಗ. ಹತ್ತು ದಿನ ಬಿಟ್ಟು ಹೋದರೆ ಘಟಕ ಯಾರು ನೋಡ್ತಾರೆ?" ಇಪ್ಪತ್ತೆರಡು ವರ್ಷಗಳಲ್ಲಿ ಅವರು ಎರಡು ದಿನಕ್ಕಿಂತ ಹೆಚ್ಚು ಊರು ಬಿಟ್ಟವರಲ್ಲ. ಬಿಟ್ಟಾಗಲೂ ಫೋನಿನಲ್ಲಿ ಘಟಕ ನಡೆಸಿದವರು.

ಆಗ ನನಗೆ ನೆನಪಾದದ್ದು 2021ರ ಬೇಸಿಗೆ, ಕೋವಿಡ್‌ನ ಎರಡನೆಯ ಅಲೆ. ನನ್ನ ಕಕ್ಷಿದಾರರಲ್ಲಿ ಮತ್ತೊಬ್ಬರು, ಸಗಟು ದಿನಸಿ ವರ್ತಕರು, ಹದಿನೇಳು ದಿನ ಆಸ್ಪತ್ರೆಯಲ್ಲಿದ್ದರು, ಮರಳಲಿಲ್ಲ. ಬ್ಯಾಂಕಿನಲ್ಲಿ ಅವರೊಬ್ಬರದೇ ಸಹಿ. ಒ.ಟಿ.ಪಿ. ಬರುವುದು ಅವರೊಬ್ಬರ ಫೋನಿಗೆ. ಆ ಫೋನಿನ ಗುಪ್ತಸಂಖ್ಯೆ ಯಾರಿಗೂ ಗೊತ್ತಿಲ್ಲ. ಯಾರಿಂದ ಎಷ್ಟು ಉದ್ರಿ ಬರಬೇಕೆಂಬುದು ಅರ್ಧ ಪುಸ್ತಕದಲ್ಲಿ, ಅರ್ಧ ಅವರ ತಲೆಯಲ್ಲಿ. ಹಣ ಬರಬೇಕಾದವರು ಮರುವಾರವೇ ಮನೆಗೆ ಬಂದರು. ಕೊಡಬೇಕಾದವರಲ್ಲಿ ಅನೇಕರು ಬರಲಿಲ್ಲ. ಅವರ ಪತ್ನಿ ಮತ್ತು ಮಗಳ ಜೊತೆ ಕುಳಿತು ಆ ಲೆಕ್ಕಗಳನ್ನು ಜೋಡಿಸಲು ನನಗೆ ಏಳು ತಿಂಗಳು ಹಿಡಿಯಿತು. ಅಂಗಡಿಯನ್ನು ಉಳಿಸಲಾಗಲಿಲ್ಲ. ಪ್ರತಿ ವರ್ಷ ಅವರ ಲೆಕ್ಕಕ್ಕೆ ಸಹಿ ಹಾಕಿದ ನಾನು ಒಮ್ಮೆಯೂ ಈ ಪ್ರಶ್ನೆಗಳನ್ನು ಕೇಳಿರಲಿಲ್ಲವೆಂಬುದು ಇಂದಿಗೂ ನನ್ನನ್ನು ಕಾಡುತ್ತದೆ.

ಮಾಲೀಕನ ಗೈರುಹಾಜರಿ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಅದನ್ನು ನಾವೇ ದಿನ ಗೊತ್ತುಮಾಡಿ, ಮರಳುವ ಖಾತರಿಯೊಡನೆ ಒಮ್ಮೆ ನಡೆಸಿ ನೋಡಿದರೆ ಎಲ್ಲಿ ಸೋರುತ್ತದೆ ಎಂಬುದು ತಿಳಿಯುತ್ತದೆ. ಸಾಮಾನ್ಯ ಪ್ರವಾಸದಲ್ಲಿ ಈ ಪರೀಕ್ಷೆ ಆಗುವುದಿಲ್ಲ. ದೇವಸ್ಥಾನದ ಸಾಲಿನಲ್ಲಿಯೂ ನಾವು ಫೋನಿನಲ್ಲಿ ಧಾರಣೆ ಹೇಳುತ್ತಿರುತ್ತೇವೆ. ಸಮುದ್ರದ ಮೇಲೆ, ಎರಡೂ ಕೈಯಲ್ಲಿ ರೆಕ್ಕೆ ಹಿಡಿದವನಿಗೆ ಫೋನಿಲ್ಲ. ದಿನಕ್ಕೆ ಮೂರು ಗಂಟೆ ಅವನು ನಿಜವಾಗಿಯೂ ಇಲ್ಲ.

ಹಾಗಾಗಿ ಹೊರಡುವ ಮೊದಲು ನಾವು ಇಷ್ಟನ್ನು ಮಾಡಿದೆವು.

1. ಬ್ಯಾಂಕಿನಲ್ಲಿ ಪತ್ನಿಯವರಿಗೆ ಮಿತಿಯುಳ್ಳ ಸಹಿಯ ಅಧಿಕಾರ. ಎಲ್ಲ ಖಾತೆಗಳಿಗೂ ನಾಮನಿರ್ದೇಶನ.

2. ಜಿ.ಎಸ್.ಟಿ. ನೋಂದಣಿಯಲ್ಲಿ ಎರಡನೆಯ ಅಧಿಕೃತ ಸಹಿದಾರರಾಗಿ ಭಾವಮೈದುನ. ಇ-ವೇ ಬಿಲ್ಲಿಗೆ ಗುಮಾಸ್ತರ ಹೆಸರಿನಲ್ಲಿ ಉಪ ಬಳಕೆದಾರ ಖಾತೆ.

3. ಗೂಡು ಖರೀದಿಗೆ ದಿನದ ಮೊತ್ತದ ಮಿತಿ; ಅದನ್ನು ಮೀರಿದರೆ ಕೊಳ್ಳದಿರುವ ಸೂಚನೆ.

4. ಬರಬೇಕಾದ ಮತ್ತು ಕೊಡಬೇಕಾದ ಹಣದ ಪೂರ್ಣ ಪಟ್ಟಿ, ದಿನಾಂಕ ಸಹಿತ, ಮನೆಯಲ್ಲಿ ಒಂದು ಪ್ರತಿ.

5. ಬಾಯಿಮಾತಿನ ಕೈಸಾಲಗಳು ಸಹ ಆ ಪಟ್ಟಿಯಲ್ಲಿ.

ಐದನೆಯದನ್ನು ಬರೆಯಲು ಅವರಿಗೆ ಮೂರು ವಾರ ಹಿಡಿಯಿತು. ಪಟ್ಟಿ ಮುಗಿದಾಗ, ಮರೆತೇಹೋಗಿದ್ದ ಒಂದು ಬಾಕಿ ಸಿಕ್ಕಿತು. ಅದರ ಮೊತ್ತ ಇಬ್ಬರ ಪ್ರವಾಸದ ವೆಚ್ಚಕ್ಕಿಂತ ಹೆಚ್ಚಿತ್ತು. ಅದರಲ್ಲಿ ಅರ್ಧ ವಸೂಲಾಯಿತು.

ಆಷಾಢದಲ್ಲಿ ಹೋದರು. ಮೊದಲೆರಡು ದಿನ ಗಾಳಿಯಿಲ್ಲ. ದೇವಸ್ಥಾನ, ಧನುಷ್ಕೋಡಿ ನೋಡಿ ಬಂದರು. ಮೂರನೆಯ ದಿನದಿಂದ ಗಾಳಿ ಎದ್ದಿತು. ಮಗ ಏಳನೆಯ ದಿನ ಕೆಲವು ಕ್ಷಣ ಹಲಗೆಯನ್ನು ನೀರಿನಿಂದ ಮೇಲಕ್ಕೆತ್ತಿದನಂತೆ. ಐವತ್ತೆರಡರ ತಂದೆ ಮಂಡಿಯೂರಿ ರೆಕ್ಕೆ ಹಿಡಿದು ನೂರು ಮಾರು ಸಾಗಿ ಬಿದ್ದರಂತೆ. ಐದನೆಯ ದಿನ ಘಟಕದಲ್ಲಿ ಬಾಯ್ಲರ್ ಕೆಟ್ಟಿತು. ಅವರು ನೀರಿನಿಂದ ಬಂದು ಫೋನ್ ನೋಡುವಷ್ಟರಲ್ಲಿ ಭಾವಮೈದುನ ಮೆಕ್ಯಾನಿಕ್ ಕರೆಸಿ, ಪತ್ನಿಯವರು ಹಣ ಪಾವತಿಸಿ, ಕೆಲಸ ಮತ್ತೆ ಆರಂಭವಾಗಿತ್ತು. ಎರಡು ಸಾವಿರ ರೂಪಾಯಿ ಹೆಚ್ಚು ಕೊಟ್ಟಿದ್ದಾರೆ ಎಂದು ನನ್ನೆದುರು ಗೊಣಗಿದರು. ಆದರೆ ಪತ್ನಿಯವರ ಸಹಿಯ ಅಧಿಕಾರವನ್ನು ಅವರು ಹಿಂಪಡೆಯಲಿಲ್ಲ.

ನಮ್ಮ ಸದಸ್ಯ ಬಂಧುಗಳು ದ್ವೀಪಕ್ಕೆ ಹೋಗಲಿ, ಬಿಡಲಿ. ಗಾಳಿಯ ಆಟ ಎಲ್ಲರಿಗೂ ಒಗ್ಗುವುದೂ ಇಲ್ಲ. ಆದರೆ ಮೇಲಿನ ಐದು ಅಂಶಗಳ ಪಟ್ಟಿಯನ್ನು ಬರುವ ಆಷಾಢದೊಳಗೆ ಸಿದ್ಧಪಡಿಸಿ, ಒಂದು ಪ್ರತಿಯನ್ನು ಮನೆಯಲ್ಲಿಟ್ಟು, ಒಂದನ್ನು ತಮ್ಮ ಲೆಕ್ಕಪರಿಶೋಧಕರಿಗೆ ಕೊಡಬೇಕೆಂದು ಕೋರುತ್ತೇನೆ. ಅವರು ಕೇಳದಿದ್ದರೆ ತಾವೇ ಕೊಡಿ.